ಸುಣ್ಣದ ಕಲ್ಲಿನ ಕೆಳಗಿನ ಗುಡಿಸಲಾ

ಪುಣೆ, ೧೨ ಆಗಸ್ಟ್ ೧೯೩೮

ಇಂದೂನ ಅಪ್ಪನವರಿಗೆ ಸುಲಭಾಳ ನಮಸ್ಕಾರ.

ನಿಮ್ಮ ಕೆಮ್ಮು ಹ್ಯಾಂಗದ? ಸೊಲ್ಲಾಪುರದ ಖಾನಾವಳಿ ಖಾರ ನಿಮಗ ತಡಿಯೂದಿಲ್ಲ. ಮಜ್ಜಿಗಿ ಕೇಳಿ ಹಾಕಿಸಿಕೊಳ್ರಿ, ಸಂಕೋಚ ಮಾಡಬ್ಯಾಡ್ರಿ. ಇಂದೂ ಆರಾಮ ಇದ್ದಾಳ. ಸಾಲ್ಯಾಗ ಮರಾಠಿ ಕವಿತಾ ಹೇಳಿ ಶಾಭಾಸ್ ಅನಿಸಿಕೊಂಡಳು, ಮನಿಗೆ ಬಂದು ನನಗ ಅದರ ಅರ್ಥಾ ಹೇಳಿಕೊಟ್ಟಳು.

ಇನ್ನ ಹೊಳಿ ದಂಡಿಗೆ ಬದನಿ ತ್ವಾಟ ಮಾಡಿಕೊಂಡಿದ್ದ ನಮ್ಮ ಕಡೆಯ ಭೀಮವ್ವನ ಸುದ್ದಿ. ಹೋದ ವರ್ಷ ನೀವು ಸರ್ವೇ ಮಾಡಿ ಮುಠಾ ಹೊಳಿ ದಂಡಿಗುಂಟ ಸುಣ್ಣ ಬಳಿದ ಕಲ್ಲು ನೆಡಿಸಿದಾಗ ಆಕಿ ಗುಡಿಸಲಾ ಕಲ್ಲಿನ ಕೆಳಗ, ಹೊಳಿ ಬಾಜೂಕ ಬಂತು. ಮಹಾಪೂರ ಬಂದರ ನೀರು ಹರಡಿಕೊಂಡು ಹೋಗಲಿಕ್ಕೆ ಅಷ್ಟು ಜಾಗಾ ಖಾಲಿ ಇರಬೇಕು, ಅಲ್ಲಿ ಯಾರೂ ಮನಿ ಮಾಡಬಾರದು ಅಂತ ನೀವು ಹೇಳಿದ್ದನ್ನ ನಾನಽ ಹೋಗಿ ತಿಳಿಸಿದೆ. ನಿಮ್ಮ ಕಚೇರಿ ಸಿಪಾಯಿಗಳ ಮಾತು ಆಕಿ ಕೇಳಿರಲಿಲ್ಲ. ನಾನು ಧಾರವಾಡದ ಕಡೆಯಾಕಿ, ಕನ್ನಡದಾಗ ಹೇಳಿದೆ ಅಂತ ನನ್ನ ಮಾತು ಕೇಳಿದಳು. “ನೀವು ಅಂದಮ್ಯಾಲ ಮುಗೀತ್ರಿ ಬಾಯಾರ” ಅಂತ ಗಂಡ ಈರಣ್ಣನ್ನ ಕರಕೊಂಡು ದೂರದ ಕೊಂಢವಾಕ್ಕ ಹೋದಳು.

ಆಮ್ಯಾಲ ಆದದ್ದು ನಿಮಗ ಗೊತ್ತದ. ಅಷ್ಟು ದೂರದಿಂದ ಬಂದು ಬದನಿ ತ್ವಾಟ ಕಾಯೂದು ಆಗಲಿಲ್ಲ, ದನ ನುಗ್ಗಿ ಮೇದವು. ಈರಣ್ಣ ಕಲ್ಲಿನ ಖಣಿಗೆ ಕೂಲಿ ಹೋದ. ದೊಡ್ಡ ಬಂಡಿಗಲ್ಲು ಜಾರಿ ಮೈಮ್ಯಾಲ ಬಿದ್ದು ಅಲ್ಲೇ ತೀರಿಕೊಂಡ. ಆ ಮಳಿಗಾಲದಾಗ ಹೊಳಿ ನೀರು ನಿಮ್ಮ ಕಲ್ಲಿನ ಹತ್ತರನೂ ಸುಳಿದಿರಲಿಲ್ಲ. “ಒಂದು ವರ್ಷದ ಮಾತಲ್ಲ ಇದು” ಅಂದ್ರಿ ನೀವು. ನಿಮ್ಮ ಕೆಲಸಕ್ಕ ಅದು ಖರೇನಽ ಇರಬೇಕು. ಆದರ ತ್ವಾಟದಾಗ ಇರಬೇಕಾದವನ್ನ ಖಣಿಗೆ ಕಳಿಸಿದ್ದು ನನ್ನ ಮಾತು.

ಈ ಜ್ಯೇಷ್ಠದಾಗ ಆಕಿ ತಿರುಗಿ ಬಂದು ಅದಽ ಜಾಗಾದಾಗ ಗುಡಿಸಲಾ ಹಾಕಿದಳು. ನಾನು ಹೋದಾಗ ಕೇಳಿದ್ದು ಇಷ್ಟಽ: “ನೀರು ಬರೂದು ಖರೇ ಏನ್ರಿ ಬಾಯಾರ?” ಒಂದು ಸಿವುಡು ಮೆಂತ್ಯ ಪಲ್ಯಾ ತಗೊಂಡು ಮನಿಗೆ ಬಂದುಬಿಟ್ಟೆ. ಬರೆದು ತಿಳಿಸಿದರ ಆಕಿನ್ನ ಎಬ್ಬಿಸಲಿಕ್ಕೆ ಮತ್ತ ಯಾರನ್ನರ ಕಳಿಸ್ತೀರಿ ಅಂತ ನಿಮಗೂ ಬರೀಲಿಲ್ಲ. ಸಿಟ್ಟಾಗಬ್ಯಾಡ್ರಿ.

ಮೊನ್ನಿಯಿಂದ ಮಳಿ ನಿಂತಿಲ್ಲ. ಛತ್ರಿ ಇಲ್ಲೇ ಬಿಟ್ಟು ಹೋಗೀರಿ, ತೊಯಿಸಿಕೊಳ್ಳಬ್ಯಾಡ್ರಿ. ಇಂದೂಗ ನಿಮ್ಮ ಆಶೀರ್ವಾದ ಇರಲಿ.

ನಿಮ್ಮ,
ಸುಲಭಾ

ತಾ.ಕ.: ಟಪಾಲಿಗೆ ಹಾಕಬೇಕು ಅನ್ನೂದರಾಗ ಹೊಳಿ ಏರೇದ ಅಂತ ಕೂಗು ಬಂತು. ಓಡಿದೆ. ನೀರು ಆಕಿ ಹೊಸ್ತಿಲಕ್ಕ ಬಂದಿತ್ತು. “ಒಮ್ಮೆ ನಿಮ್ಮ ಮಾತು ಕೇಳೇನ್ರಿ, ಸಾಕು” ಅಂದಳು, ಏಳಲಿಲ್ಲ. ನೀ ಏಳದಿದ್ದರ ನಾನೂ ಏಳೂದಿಲ್ಲ ಅಂತ ಒಳಗ ಹೋಗಿ ಆಕಿ ಬಾಜೂಕ ಕೂತೆ. ನೀರು ಏರಿದಂಗ, “ಮನ್ಯಾಗ ನಿಮ್ಮ ಮಗಳದಾಳ, ಏಳ್ರಿ!” ಅಂತ ಬೈದು, ಆಕೀನಽ ನನ್ನ ರಟ್ಟಿ ಹಿಡಿದು ಹೊರಗ ಎಳಕೊಂಡು ಬಂದಳು. ಗುಡಿಸಲಾ ಹೋತು. ನೀರು ನಿಮ್ಮ ಕಲ್ಲಿನ ತನಕ ಬಂದು ನಿಂತದ. ಭೀಮವ್ವ ಈಗ ನಮ್ಮ ಪಡಸಾಲ್ಯಾಗ ಗ್ವಾಡಿಗೆ ಮುಖಾ ಮಾಡಿ ಕೂತಾಳ. ರಜಾ ಹಾಕಿ ಬರ್ರಿ. ಬಂದಮ್ಯಾಲ, ನಿಮ್ಮ ಕಲ್ಲಿನ ಗೆರಿ ಖರೇ ಆತು ಅಂತ ಮಾತ್ರ ಆಕಿ ಮುಂದ ಅನಬ್ಯಾಡ್ರಿ.