ಗಾಳಿ ತೆಗೆದವನ ಉತ್ತರ

ಭಾವ,

‘ಪೂಜ್ಯ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಇವತ್ತು ಆ ಪದ ಕೈಗೆ ಬರುತ್ತಿಲ್ಲ, ಬರೀ ಭಾವನಾಗಿಯೇ ಓದಿಕೊಳ್ಳಿ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಬದುಕಿದ್ದಾಗ ನೀವು ನನ್ನನ್ನು ಬಾಯಿ ಬಿಡಲು ಬಿಟ್ಟಿದ್ದರೆ ತಾನೆ?

ಆ ಆಗಸ್ಟ್ ಬೆಳಿಗ್ಗೆ ನೆನಪಿದೆಯೇ? ರೆಂಟನ್‌ನ ನಿಮ್ಮ ಗ್ಯಾರೇಜಿನಲ್ಲಿ ಹಳೆಯ ಬೈಕಿನ ಕೀಲಿಯನ್ನು ನನ್ನ ಕೈಗಿಟ್ಟಿರಿ, ಒಂದು ವಾರ ಓಡಿಸು ಎಂದು. ಹಿಂದಿನ ದಿನವಷ್ಟೇ ರೇಡಿಯೇಟರಿಗೆ ಹೊಸ ಫ್ಯಾನು ಕೂರಿಸಿದ್ದಿರಿ. “ವಿಮಾನಕ್ಕೆ ವೈರು ಎಳೆಯೋನು ನಾನು, ಇದೇನ್ ಮಹಾ” ಎಂದಿರಿ. ಎಂಜಿನ್ ತಂಪಾಗಿಡುವ ಕೂಲಂಟ್ ತುಂಬುವುದೊಂದು ಬಾಕಿ ಇತ್ತು. ಕಾರ್ಖಾನೆಗೆ ಹೊತ್ತಾಯಿತೆಂದು ಚೀಟಿ ಬರೆದಿಟ್ಟು ಹೊರಟಿರಿ. ಅದೂ ಕನ್ನಡದಲ್ಲಿ, ಕನ್ನಡ ಮೀಡಿಯಂ ಹುಡುಗ, ಇಂಗ್ಲಿಷ್‌ನಲ್ಲಿ ಬರೆದರೆ ಎಡವಟ್ಟಾದೀತು ಎಂದು ಅಕ್ಕನ ಮುಂದೆಯೇ ಹೇಳಿ. ಮೂರೇ ಸಾಲು: ಕೂಲಂಟ್ ತುಂಬು. ಗಾಳಿ ತೆಗಿ. ಹೊರಡು.

ತೆಗೆದೆ. ನಮ್ಮ ಕಡೆ ಗಾಳಿ ತೆಗಿ ಎಂದರೆ ಚಕ್ರದ್ದಲ್ಲದೆ ಇನ್ನೆಲ್ಲಿಯದನ್ನು ತೆಗೆಯುತ್ತಾರೆ? ಬಿಸಿಲಿಗೆ ಟೈರು ಉಬ್ಬುತ್ತದೆ, ಅದಕ್ಕೇ ಇರಬೇಕೆಂದು ಎರಡೂ ಚಕ್ರದ್ದು ಸ್ವಲ್ಪ ಸ್ವಲ್ಪ ಬಿಟ್ಟು ಕ್ಯಾನ್ಯನ್ ಪಾರ್ಕಿನ ಆಫೀಸಿಗೆ ಹೊರಟೆ. ಬೈಕು ಓಡುತ್ತಿದ್ದಷ್ಟು ಹೊತ್ತು ಎಂಜಿನ್ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. 405 ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತದ್ದೇ ತಡ, ಮುಳ್ಳು ಕೆಂಪಿಗೇರಿತು, ಮಂಡಿಯ ಸಂದಿಯಿಂದ ಹಬೆ ಎದ್ದಿತು. ನೀವು ಅರ್ಧ ದಿನ ರಜೆ ಹಾಕಿ ಬಂದಿರಿ, ಅದನ್ನು ಅಲ್ಲಗಳೆಯುವುದಿಲ್ಲ. ಬಂದವರು ಮೊದಲು ಕೇಳಿದ್ದು:

“ಗಾಳಿ ತೆಗೆದ್ಯೇನಯ್ಯ?”

“ತೆಗೆದೆ ಭಾವ. ಎರಡೂದು.”

“ಎರಡೂದು ಅಂದ್ರೆ?”

ಆಮೇಲೆ ರಸ್ತೆ ಪಕ್ಕದ ತಡೆಗೋಡೆ ಹಿಡಿದುಕೊಂಡು ನಕ್ಕಿರಿ. ಕೂಲಂಟ್ ಹರಿಯುವ ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತದೆ, ತೆಗೆಯಬೇಕಾದದ್ದು ಆ ಗುಳ್ಳೆಯನ್ನು ಎಂದು ತಿಳಿಸಿದ್ದು ನಗು ಮುಗಿದ ಮೇಲೆ.

ಮುಂದಿನ ಯುಗಾದಿ ಊಟ. ಕ್ರಾಸ್‌ರೋಡ್ಸ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ, ನಾನು ಬಡಿಸಿದ ಒಬ್ಬಟ್ಟು ತಿನ್ನುತ್ತಾ, ಇಪ್ಪತ್ತು ಜನರೆದುರು ಕತೆ ಹೇಳಿ ಕೊನೆಗೆ ಪ್ರಾಸ ಕಟ್ಟಿದಿರಿ: “ಬಿ.ಎ. ಕನ್ನಡ, ಟೈರಿಗೆ ಕನ್ನ.” ಪ್ರಾಸ ನನ್ನ ಹುಚ್ಚು, ನೀವು ಹೊಡೆದದ್ದೂ ಅದರಿಂದಲೇ. ಸಾಲು ಚೆನ್ನಾಗಿತ್ತು ಎಂಬುದು ಇನ್ನೂ ಉರಿ. ಅದನ್ನು ವಾಟ್ಸಾಪ್ ಗುಂಪಿಗೂ ಹಾಕಿದಿರಿ, ಹಬೆಯಾಡುವ ಬೈಕಿನ ಫೋಟೋ ಸಮೇತ. ಅಷ್ಟರಲ್ಲಿ ನೀವೇ ಗುಳ್ಳೆ ತೆಗೆದು ಓಡಿಸಿ ನೋಡಿದ್ದಿರಿ. ಟ್ರಾಫಿಕ್ಕಿನಲ್ಲಿ ಮತ್ತೆ ಕುದಿದಿತ್ತು. ಆಗಲಾದರೂ ಒಂದು ಅನುಮಾನ ಬರಬೇಡವೇ? “ಅವತ್ತೇ ಇವನು ಎಂಜಿನ್ ಬೇಯಿಸಿಬಿಟ್ಟ” ಎಂದು ತೀರ್ಪು ಕೊಟ್ಟು ಬೈಕಿಗೆ ಹೊದಿಕೆ ಹಾಕಿದಿರಿ. ನಾನೂ ನಂಬಿದೆ. ಐದು ಯುಗಾದಿ ಅದೇ ಕತೆ, ಅದೇ ಕನ್ನ. ಐದನೆಯದರಲ್ಲಿ ನಾನು ಎದ್ದು ನಿಂತು, ಇನ್ನೊಂದು ಸಲ ಆ ಮಾತು ಬಂದರೆ ನಿಮ್ಮ ಮನೆ ಹೊಸಿಲು ತುಳಿಯುವುದಿಲ್ಲ ಎಂದೆ. ನೀವು ಪಾಯಸ ಕುಡಿದು ಮುಗಿಸಿ, ನಿಧಾನವಾಗಿ ಇನ್ನೊಂದು ಸಲ ಹೇಳಿದಿರಿ. ನಾನು ತುಳಿಯಲಿಲ್ಲ. ಆಸ್ಪತ್ರೆಗೆ ಬಾ ಎಂದು ಅಕ್ಕ ಎರಡು ಸಲ ಕಾಲ್ ಮಾಡಿದಾಗಲೂ...

ಹೋದ ಶನಿವಾರ ಹೊಸಿಲು ತುಳಿದೆ. ಬೈಕನ್ನು ಗುಜರಿಗೆ ಕೊಡಬೇಕು, ಬಂದು ಈಚೆ ತೆಗಿ ಎಂದಳು ಅಕ್ಕ. ಅದನ್ನು ಕೊಂದದ್ದು ನಾನೇ ಹೌದೇ ಎಂದು ಒಮ್ಮೆ ನೋಡದೆ ಹೇಗೆ ಕೊಡಲಿ? ಬ್ಯಾಟರಿ ಬದಲಾಯಿಸಿದೆ. ಹೊಸ ಕೂಲಂಟ್ ತುಂಬಿದೆ. ಗಾಳಿ ತೆಗೆದೆ, ಈ ಸಲ ಸರಿಯಾದ ಕಡೆಯದ್ದು. ಬಿಸಿಯಾದಾಗ ತೆರೆದು ಕೂಲಂಟ್ ಬಿಡಬೇಕಾದ ಥರ್ಮೋಸ್ಟಾಟನ್ನು ಅಕ್ಕನ ಹಾಲಿನ ಪಾತ್ರೆಯಲ್ಲಿ ಕುದಿಸಿದೆ. ಅದು ಬಾಯಿ ತೆರೆಯಿತು, ಅವಳೂ ತೆರೆದಳು. ಆಯಿಲ್ಲಿಗೆ ನೀರು ಸೇರಿರಲಿಲ್ಲ, ಎಂಜಿನ್ ಬೆಂದ ಗುರುತೇ ಇಲ್ಲ. ಫ್ಯಾನೂ ತಿರುಗುತ್ತಿತ್ತು. ಆದರೂ ನಿಂತಲ್ಲೇ ಓಡಿಸಿದರೆ ಮುಳ್ಳು ಕೆಂಪಿಗೆ. ಸೀಟಿನ ಕೆಳಗೆ ನಿಮ್ಮ ಚೀಟಿ ಹಾಗೇ ಇತ್ತು. ತೆಗೆದು ರೇಡಿಯೇಟರಿನ ಮುಂದೆ ಹಿಡಿದೆ. ಹಿಂದಿರುವ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯಬೇಕು, ಕಾಗದ ರೇಡಿಯೇಟರಿಗೆ ಅಂಟಬೇಕು. ಅಂಟಲಿಲ್ಲ. ಹಾರಿ ಬಂದು ನನ್ನ ಮುಖಕ್ಕೆ ಹೊಡೆಯಿತು.

ಎರಡು ವೈರು, ಭಾವ. ಅದಲುಬದಲು. ನಿಮ್ಮ ಫ್ಯಾನು ಉಲ್ಟಾ ತಿರುಗಿ ಎಂಜಿನ್ನಿನ ಬಿಸಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಓಡುವಾಗ ಎದುರುಗಾಳಿ ನಿಮ್ಮ ಮಾನ ಕಾಪಾಡಿತು, ನಿಂತಾಗ ನನ್ನ ಮಾನ ಹೋಯಿತು. ನಗುವ ಮೊದಲು ಒಂದು ಚೂರು ಕಾಗದ ಹಿಡಿದು ನೋಡಲು ನಿಮಗೆ ಎಷ್ಟು ಹೊತ್ತು ಬೇಕಿತ್ತು? ವೈರು ಬದಲಿಸಿ ಅರ್ಧ ಗಂಟೆ ನಿಂತಲ್ಲೇ ಓಡಿಸಿದೆ. ಮುಳ್ಳು ನಡುವಿನಿಂದ ಕದಲಲಿಲ್ಲ.

ಅಕ್ಕನನ್ನು ಕರೆದು ತೋರಿಸಿದೆ. ಈ ಯುಗಾದಿಗೆ ಎಲ್ಲರೆದುರೂ ಹೇಳುತ್ತೇನೆ, ನಿನಗೆ ಬೇಜಾರಾದರೆ ಆಗಲಿ ಎಂದೆ. ಅಳುತ್ತಾಳೆ, ಇಲ್ಲವೇ ನಿಮ್ಮ ಪರವಾಗಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಚೀಟಿಯ ಅಕ್ಷರವನ್ನೇ ನೋಡುತ್ತಾ ನಿಂತಳು.

“ಹೇಳೋ. ಅವರು ಹೋದ್ಮೇಲೆ ನನ್ನ ಮುಂದೆ ಯಾರೂ ಅವರ ಹೆಸರೇ ಎತ್ತಲ್ಲ. ನೀನು ಬೈಯೋಕಾದ್ರೂ ಎತ್ತು.”

ನೋಡಿ, ಅಲ್ಲೂ ನೀವೇ ಗೆದ್ದಿರಿ...

ಬೈಕು ಗುಜರಿಗೆ ಹೋಗುವುದಿಲ್ಲ. ಯುಗಾದಿ ದಿನ ಅಕ್ಕನನ್ನು ಅದರ ಮೇಲೇ ಕೂರಿಸಿಕೊಂಡು, 405ರ ಟ್ರಾಫಿಕ್ಕಿನ ನಡುವೆಯೇ ಕ್ರಾಸ್‌ರೋಡ್ಸ್‌ಗೆ ಕರೆತರುತ್ತೇನೆ. ಒಬ್ಬಟ್ಟು ಬಡಿಸಿದ ಮೇಲೆ ನನ್ನ ಸಾಲು ಹೇಳುತ್ತೇನೆ: ಭಾವ ಕೂರಿಸಿದ ಫ್ಯಾನು, ಬೈಸಿಕೊಂಡವನು ನಾನು. ನೀವು ಐದು ಯುಗಾದಿ ಹೇಳಿದಿರಿ, ನಾನೂ ಐದು ಹೇಳುತ್ತೇನೆ. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಪ್ರಾಸ ಸರಿಯಿಲ್ಲ ಅನ್ನಿಸಿದರೆ ಬಂದು ತಿದ್ದಿ.

ನಿಮ್ಮ ಟೈರಿನ ಕನ್ನಗಳ್ಳ