ಬಾಗಿಲ ಪಕ್ಕದ ಬೆಂಚು

ಮಿರಜ,
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಮುದ್ದಿನ ಪ್ರಾಜೂ,

ಹೇಗಿದ್ದೀಯ ಮಗಳೇ? ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ಲ್ಯಾಬಿನಲ್ಲಿ ರಾತ್ರಿ ಪಾಳಿ ಹಾಕಿದರೆ ಒಲ್ಲೆ ಎನ್ನು. ನಿದ್ದೆಗೆಟ್ಟರೆ ನಿನಗೆ ಒಗ್ಗುವುದಿಲ್ಲವೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಕಡೆಯ ಸಲ ಫಿಟ್ಸ್ ಬಂದು ಎರಡು ವರ್ಷ ದಾಟಿತೆಂಬ ಧೈರ್ಯದಲ್ಲಿ ನಿನ್ನ ರೂಮಿನ ಸಾಯಲಿಯ ಸ್ಕೂಟಿ ಓಡಿಸಲು ಹೋಗಬೇಡ. ಅವಳು ಓಡಿಸಲಿ, ನೀನು ಹಿಂದೆ ಕೂತುಕೋ. ಬೆಟಗೇರಿಯಲ್ಲಿ ಚಳಿ ಹೇಗಿದೆ? ಇಲ್ಲಿ ಬೆಳಗಿನ ಹೊತ್ತು ಶಾಲು ಬೇಕಾಗುತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದಿವೆ, ಅವುಗಳ ಹಾಡಿನ ಅಬ್ಬರಕ್ಕೆ ನಮ್ಮ ಚಾಳಿನ ಕಿಟಕಿಗಳು ನಡುಗುತ್ತವೆ. ನಿನ್ನ ಪಪ್ಪಾ ಕ್ಷೇಮ. ಚರ್ಚಿನ ಪಂಚಮಂಡಳಿಗೆ ಆರಿಸಿ ಬಂದಾಗಿನಿಂದ ಊಟಕ್ಕೆ ಕೂತರೂ ಸಭೆ ನಡೆಸುವವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಉಪ್ಪು ಕಡಿಮೆಯಾಗಿದ್ದರೆ ಅದನ್ನೂ ಠರಾವು ಮಾಡಿಯೇ ಹೇಳುತ್ತಾರೆನ್ನು.

ನೀನು ಫೋನ್ ಎತ್ತುವುದಿಲ್ಲ. ಅದಕ್ಕೆ ಬೈಯಲು ಬರೆಯುತ್ತಿಲ್ಲ. ಚರ್ಚಿನವರು ಎಲ್ಲರಿಗೂ ಕಳಿಸಿದ ಆ ವಿಡಿಯೋ ನೋಡಿದ ದಿನ ನೀನು ಕಳಿಸಿದ ಸಾಲು, 'ಅವ್ವಾ, ನನ್ನ ಕೇಳಿದ್ಯಾ?' ಎಂಬುದು, ನನ್ನ ಫೋನಿನಲ್ಲಿ ಹಾಗೆಯೇ ಕೂತಿದೆ. ಉತ್ತರ ಕೊಡಬೇಕೆಂದರೆ ಈ ಮನೆಯಲ್ಲಿ ಫೋನ್ ಹಿಡಿದು ನಿಲ್ಲಲು ಒಂದು ಮೂಲೆಯೂ ಖಾಲಿಯಿಲ್ಲ. ದಿನವಿಡೀ ಯಾರಾದರೂ ನಮ್ಮನ್ನು ಪ್ರೀತಿಸಲು ಬಂದು ಕೂತಿರುತ್ತಾರೆ. ಮರಾಠಿಯಲ್ಲಿ ಬರೆದರೆ ಬಂದವರೆಲ್ಲ ಟೇಬಲ್ ಮೇಲಿನ ಕಾಗದಕ್ಕೆ ಕಣ್ಣು ಹಾಕುತ್ತಾರೆ. ಕನ್ನಡ ಮಾತಾಡುವವರು ನಮ್ಮ ಚರ್ಚಿನಲ್ಲಿ ಬೇಕಾದಷ್ಟಿದ್ದಾರೆ, ಓದುವವರು ನಾನು ಮತ್ತು ನೀನು. ಅಜ್ಜನ ಹಳೆಯ ಬೈಬಲ್ ಮುಂದಿಟ್ಟುಕೊಂಡು ನಿನಗೆ ಅಕ್ಷರ ಕಲಿಸುವಾಗ 'ಮರಾಠಿ ಶಾಳೆಗಿ ಹೋಗಾಕಿಗಿ ಇದ್ಯಾಕ ಬೇಕು?' ಎಂದು ಅಳುತ್ತಿದ್ದೆಯಲ್ಲ, ಇದಕ್ಕೇ ಬೇಕಿತ್ತು ನೋಡು. ಅವಸರ ಮಾಡದೆ ಓದು.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಇಲ್ಲಿ ಎಲ್ಲರೂ ಅದನ್ನು ಮರೆತ ಹಾಗಿದೆ, ನಾನು ಮರೆತಿಲ್ಲವೆಂದು ನಿನಗೆ ತಿಳಿಯಲಿ. ಸಾಖರಪುಡಾ ಮುಗಿದು ಲಗ್ನ ಗೊತ್ತಾದ ಮೇಲೆ, ಸಾಂಗ್ಲಿಯ ಹುಡುಗನಿಗೆ ನಿನ್ನ ಫಿಟ್ಸಿನ ವಿಷಯ ನೀನೇ ಹೇಳಬೇಕೆಂದು ನಿಶ್ಚಯಿಸಿದ್ದೆ. ಹೇಗೆ ಹೇಳುವುದೆಂದು ಕೇಳಲು ಹೋದದ್ದು ನಮ್ಮ ಚರ್ಚಿನ ಸಗುಣಾ ಮಾವಶಿಯ ಹತ್ತಿರ. ಚಿಕ್ಕಂದಿನಿಂದ ಸಂಡೆ ಸ್ಕೂಲಿನಲ್ಲಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವಳು, ಇನ್ಯಾರನ್ನು ಕೇಳುತ್ತೀ? ಅವಳು ಗುರುವಾರದ ಹೆಂಗಸರ ಪ್ರಾರ್ಥನೆಯಲ್ಲಿ ಎದ್ದು ನಿಂತು, ಕಣ್ಣೀರು ಹಾಕಿಕೊಂಡು, 'ನಮ್ಮ ಪ್ರಾಜಕ್ತಾಗ ಫಿಟ್ಸ್ ಬರ್ತಾವ್ರೆವ್ವಾ, ಲಗ್ನಾ ಆಗೂದೈತಿ, ಎಲ್ಲಾರೂ ಉಪಾಸ ಮಾಡಿ ಪ್ರಾರ್ಥನಾ ಮಾಡೂಣು' ಎಂದಳು. ಕೆಡುಕು ಬಯಸಿ ಹೇಳಲಿಲ್ಲ, ಅದೇ ನನ್ನನ್ನು ಇವತ್ತಿಗೂ ಸುಡುತ್ತದೆ. ಪ್ರಾರ್ಥನೆ ದೇವರಿಗೆ ಮುಟ್ಟುವ ಮೊದಲು ಸಾಂಗ್ಲಿಗೆ ಮುಟ್ಟಿತು. ಹುಡುಗನ ತಾಯಿ ಬಂದು ನಾವು ಕೊಟ್ಟ ಸೀರೆಯನ್ನು ಮಡಿಕೆ ಬಿಚ್ಚದೆ ಇಟ್ಟು ಹೋದಳು. ನೀನು ಅತ್ತದ್ದು ಲಗ್ನ ಮುರಿದದ್ದಕ್ಕಲ್ಲ, ನನಗೆ ಗೊತ್ತು. 'ನಾನ ಹೇಳಾಕಿ ಇದ್ದೆ, ಅವ್ವಾ. ಆ ಮಾತು ನಂದಿತ್ತು' ಎಂದೆ. ಜೂನಿನಲ್ಲಿ ಬೆಟಗೇರಿಗೆ ಹೊರಟುಬಿಟ್ಟೆ.

ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ. ಚರ್ಚಿನವರು ಸಗುಣಾಳಿಗೆ ಒಂದು ಮಾತೂ ಬೈಯಲಿಲ್ಲ. ನಾವು ಕ್ರಿಸ್ತನ ಜನ, ಬೈಯುತ್ತೇವೆಯೇ? ಅವಳು ಕೂತ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬೇರೆ ಬೆಂಚಿಗೆ ಹೋದರು, ಅಷ್ಟೆ. ಅವರೇ ಉಪವಾಸ ಮಾಡಿದವರು, ಅವರೇ ಊರಿಗೆಲ್ಲ ಹೇಳಿದವರು; ಪಾಪವನ್ನೆಲ್ಲ ಅವಳೊಬ್ಬಳ ತಲೆಗೆ ಕಟ್ಟಿದರು. ಕಡೆಗೆ ಅವಳು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರತೊಡಗಿದಳು. ಅವಳ ಸಂಡೆ ಸ್ಕೂಲನ್ನೂ ಬೇರೆಯವರಿಗೆ ಕೊಟ್ಟರು. ನನಗೆ ಆಗ ಸಂತೋಷವಾಯಿತು ಎಂದು ಹೇಳದೆ ಇರಲಾರೆ. ದಿನಾ ಸಂಜೆ ಅದನ್ನು ನೆನೆದು ಚಹಾ ಕುಡಿಯುತ್ತಿದ್ದೆ.

ಈಗ ವಿಡಿಯೋದಲ್ಲಿ ನೀನು ನೋಡಿದ ಆ ಶನಿವಾರದ ವಿಷಯ. ಪ್ರಭುಭೋಜನದ ಹಿಂದಿನ ದಿನದ ತಯಾರಿ ಪ್ರಾರ್ಥನೆ ನಿನಗೆ ಗೊತ್ತೇ ಇದೆ. ಉಪದೇಶ ಮುಗಿಸಿ ಪಾಳಕ ಸಾಹೇಬರು ಎಲ್ಲರಿಗೂ ಮೌನವಾಗಿರಲು ಹೇಳುತ್ತಾರೆ. ಯಾರ ಮೇಲೆ ಯಾರಿಗೆ ಸಿಟ್ಟಿದೆಯೋ ಅವರು ಎದ್ದು, ಅವರ ಬೆಂಚಿಗೆ ಹೋಗಿ ಕೈಹಿಡಿಯಬೇಕು. ಆ ಹೊತ್ತಿನಲ್ಲಿ ಬೇರೆ ಕಾರಣಕ್ಕೆ ಯಾರೂ ಏಳುವುದಿಲ್ಲ, ಕೆಮ್ಮು ಬಂದವರೂ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಗಟಾರದ ನೀರಿಗಾಗಿ ಹೊಡೆದಾಡಿಕೊಂಡ ಅಣ್ಣತಮ್ಮಂದಿರು ತಬ್ಬಿಕೊಂಡದ್ದನ್ನು ನೋಡಿ ನೀನೂ ನಾನೂ ನಕ್ಕಿದ್ದೆವಲ್ಲ, ಅಂಥದ್ದೇ ಶನಿವಾರ. ಪಾಳಕ ಸಾಹೇಬರು 'ಇಲ್ಲಿ ಒಬ್ಬ ತಾಯಿಯ ಹೃದಯ ಕಲ್ಲಾಗಿದೆ' ಎಂದರು. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಹೆಂಗಸರ ಕಡೆಯ ಕುತ್ತಿಗೆಗಳೆಲ್ಲ ನನ್ನತ್ತ ತಿರುಗಿದವು. ಮೌನ ಮುಗಿಯುತ್ತಲೇ ಇಲ್ಲ. ಎಲ್ಲರೂ ಕಾಯುತ್ತಿದ್ದಾರೆ, ಬಲು ಮೃದುವಾಗಿ ಕಾಯುತ್ತಿದ್ದಾರೆ. ನನ್ನ ಮಗಳು ಊರು ಬಿಟ್ಟಳು, ನಾನು ಕಲ್ಲಂತೆ! ಬ್ಯಾಗು ಹೆಗಲಿಗೆ ಹಾಕಿಕೊಂಡೆ, ಛತ್ರಿ ತೆಗೆದುಕೊಂಡೆ, ಎದ್ದೆ. ಪ್ರಾಜೂ, ನಾನು ಹೊರಗೆ ಹೊರಟಿದ್ದೆ. ಮತ್ತೆಂದೂ ಆ ಮೆಟ್ಟಿಲು ಹತ್ತಬಾರದೆಂದು ಹೊರಟಿದ್ದೆ.

ಬಾಗಿಲಿಗೆ ಹೋಗಬೇಕಾದರೆ ಕೊನೆಯ ಬೆಂಚು ದಾಟಬೇಕು. ನಾನು ಹತ್ತಿರ ಬಂದಾಗ ಸಗುಣಾ ಎದ್ದು ನಿಂತು ಎರಡೂ ಕೈ ಚಾಚಿದಳು. ನಾನು ನಿಂತೆ. ನಿಂತದ್ದೇ ತಪ್ಪಾಯಿತು. ಅವಳು ನನ್ನ ಮೇಲೆ ಬಿದ್ದು ತಬ್ಬಿಕೊಂಡಳು, ಹಾರ್ಮೋನಿಯಂ ಪೆಟಿ ಬಾರಿಸುವವನು ಹಾಡು ಶುರು ಮಾಡಿದ, ನಾನು ಕ್ಷಮಿಸಿದೆನೆಂದು ಸಭೆಯೆಲ್ಲ ಎದ್ದು ನಿಂತು ಅತ್ತಿತು, ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು. ಅವಳ ಮೈ ಎಷ್ಟು ಇಳಿದುಹೋಗಿದೆ ಎಂದರೆ ಎಲುಬು ಕೈಗೆ ಹತ್ತಿದವು. ನನ್ನ ಕೈ ತಾನಾಗಿ ಅವಳ ಬೆನ್ನು ತಟ್ಟಿತು. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಅಳುವ ಕೂಸನ್ನು ಕಂಡರೆ ಹೆಂಗಸಿನ ಕೈ ಹಾಗೆ ಮಾಡುತ್ತದೆ, ಅಷ್ಟೇ ಎಂದುಕೊಂಡಿದ್ದೇನೆ. ಬೆನ್ನು ತಟ್ಟಿದ್ದು ಕ್ಷಮೆಯಲ್ಲ. ಆ ವಿಡಿಯೋ ಇನ್ನೊಮ್ಮೆ ನೋಡು. ಹೆಗಲಿಗೆ ಬ್ಯಾಗು, ಕೈಯಲ್ಲಿ ಛತ್ರಿ. ಕ್ಷಮಿಸಲು ಹೋಗುವವರು ಛತ್ರಿ ಹಿಡಿದುಕೊಂಡು ಹೋಗುತ್ತಾರೇನು?

ಅಲ್ಲಿಂದ ನನ್ನ ಸೆರೆವಾಸ ಶುರುವಾಯಿತು. ಸಗುಣಾ ದಿನಾ ಹನ್ನೊಂದರ ಹೊತ್ತಿಗೆ ಡಬ್ಬಿ ತರುತ್ತಾಳೆ. ಒಮ್ಮೆ ಮಡಕಿ ಉಸಳಿ, ಒಮ್ಮೆ ಶೇಂಗಾ ಹೋಳಿಗೆ. ಬಂದ ಡಬ್ಬಿಯನ್ನು ಬರಿದಾಗಿ ತಿರುಗಿಸುವ ರೂಢಿ ನಮ್ಮಲ್ಲಿಲ್ಲ, ಹಾಗೆ ಕೊಟ್ಟರೆ ಸಂಬಂಧ ಸಾಕು ಎಂದ ಹಾಗೆ. ಹಾಗಾಗಿ ನಾನು ಏನಾದರೂ ಮಾಡಿ ತುಂಬಿಸುತ್ತೇನೆ. ಮರುದಿನ ಅದು ಮತ್ತೆ ತುಂಬಿ ಬರುತ್ತದೆ. ಸಿಟ್ಟಿನಲ್ಲಿ ಒಂದು ದಿನ ಪಲ್ಯಕ್ಕೆ ಖಾರ ಸುರಿದು ಕಳಿಸಿದೆ. 'ಭಾಳ ರುಚಿ ಆಗಿತ್ತ ನೋಡು' ಎಂದಳು, ಕಣ್ಣು ಕೆಂಪಗಿದ್ದವು! ಅವಳಿಗೆ ಸಂಡೆ ಸ್ಕೂಲು ತಿರುಗಿ ಸಿಕ್ಕಿದೆ. ಬೆಂಚಿನ ತುಂಬ ಜನ ಕೂರುತ್ತಾರೆ. ನನ್ನನ್ನು ಕಂಡರೆ ಎಲ್ಲರೂ ಕೈ ಮುಟ್ಟಿ ಮಾತಾಡುತ್ತಾರೆ, ಬಜಾರಿನಲ್ಲಿ ಚೀಲ ಹಿಡಿದುಕೊಳ್ಳುತ್ತಾರೆ. ಹಲ್ಲುನೋವಿನಿಂದ ಮುಖ ಗಂಟಿಕ್ಕಿದರೂ 'ದಯಾವತಿಬಾಯಿ, ನಿಮ್ಮ ಸಮಾಧಾನ ಎಲ್ಲಿ ಹೋತ್ರಿ?' ಎನ್ನುತ್ತಾರೆ. ನನಗೆ ಸಿಟ್ಟು ಮಾಡುವ ಹಕ್ಕೇ ಉಳಿದಿಲ್ಲ.

ಸಿಟ್ಟು ಮಾಡಬೇಕೆನಿಸಿದರೆ ಎದುರು ಮನೆಯ ಇಂದ್ರವ್ವನ ಕಟ್ಟೆಗೆ ಹೋಗುತ್ತೇನೆ. ಅವರು ಜೈನರು, ನಮ್ಮ ವಿಡಿಯೋ ನೋಡಿಲ್ಲ, ನನ್ನನ್ನು ಸಂತಳೆಂದು ತಿಳಿದಿಲ್ಲ. ಶೇಂಗಾ ಸುಲಿಯುತ್ತ ಎಲ್ಲ ಕೇಳಿ, 'ನಾವೂ ಪರ್ಯೂಷಣ ಮುಗದ ಮ್ಯಾಲ ಕ್ಷಮಾ ಕೇಳ್ತೇವ್ರಿ. ನನ್ನ ನೆಗೆಣ್ಣಿಗಿ ಪ್ರತಿ ವರ್ಷ ಕೇಳ್ತೇನಿ, ಆಕಿ ಪ್ರತಿ ವರ್ಷ ಕೊಡ್ತಾಳ. ನಡುವಿನ ಜಗಳ ಬ್ಯಾರೇನ' ಎಂದರು. ನೀನು ಹೋದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ. ಆಮೇಲೆ ಅವರು ಶೇಂಗಾ ಬಿಟ್ಟು ನನ್ನ ಮುಖ ನೋಡಿ, 'ಕೇಳಬೇಕಾದಾಕಿ ನಿಮ್ಮನ್ನಲ್ಲಲ್ರಿ ಆಕಿ, ನಿಮ್ಮ ಮಗಳನ್ನ' ಎಂದರು. ನಾನು ಎದ್ದು ಮನೆಗೆ ಬಂದೆ.

ಈಗ ಬಂದಿರುವ ಸಂಕಟ ಕೇಳು. ನಾಡಿದ್ದು ಭಾನುವಾರ ಸಾಂಗ್ಲಿಯ ಚರ್ಚಿನಲ್ಲಿ ನಾನು ನಿಂತು ಸಾಕ್ಷಿ ಹೇಳಬೇಕಂತೆ, ಪಕ್ಕದಲ್ಲಿ ಸಗುಣಾಳನ್ನು ನಿಲ್ಲಿಸಿಕೊಂಡು, ಹೇಗೆ ಕ್ಷಮಿಸಿದೆನೆಂದು. ಆ ಹುಡುಗನ ಮನೆಯವರು ಕೂರುವ ಚರ್ಚಿನಲ್ಲಿ! ನಿನ್ನ ಹೆಸರು, ನಿನ್ನ ಕಾಯಿಲೆ, ಮುರಿದ ಲಗ್ನ, ಎಲ್ಲವನ್ನೂ ಮತ್ತೊಮ್ಮೆ ಮೈಕಿನಲ್ಲಿ, ಈ ಸಲ ನನ್ನ ಬಾಯಿಂದಲೇ. ಪಪ್ಪಾ ನನ್ನನ್ನು ಕೇಳದೆ ಒಪ್ಪಿ ಬಂದಿದ್ದಾರೆ. 'ಹೇಳಿ ಬಿಟ್ಟೇನಿ ನಾ, ಈಗ ಮಾತು ತಿರಗಿಸಾಕ ಬರೂದಿಲ್ಲ. ಜನಾ ಏನಂದಾರು?' ಎನ್ನುತ್ತಾರೆ. ನಿಜ ಹೇಳಿದರೆ ಸಗುಣಾ ಮತ್ತೆ ಬಾಗಿಲ ಪಕ್ಕದ ಬೆಂಚಿಗೆ ಹೋಗುತ್ತಾಳೆ, ಈ ಸಲ ಅವಳು ಬದುಕುವುದಿಲ್ಲವೆಂದು ನನಗೆ ಹೆದರಿಕೆ. ಹೇಳದಿದ್ದರೆ ನೀನು ನನಗೆ ಇಲ್ಲ. ಒಲೆಯ ಮುಂದೆ ನಿಂತು ಇದನ್ನೇ ಯೋಚಿಸಿ ಎರಡು ರೊಟ್ಟಿ ಸುಟ್ಟೆ.

ನೀನು ಕೇಳಿದ್ದಕ್ಕೆ ಉತ್ತರ ಇದು, ಮಗಳೇ. ಇಲ್ಲ, ನಿನ್ನನ್ನು ಕೇಳಲಿಲ್ಲ, ಏಕೆಂದರೆ ನಾನು ಕ್ಷಮಿಸಲೇ ಇಲ್ಲ. ನಿನ್ನದನ್ನು ನಾನು ಹೇಗೆ ಕೊಡಲಿ? ಫೋನ್ ಎತ್ತದಿದ್ದರೂ ಇದನ್ನು ನಂಬು.

ಸಾಯಲಿಗೆ ನನ್ನ ನೆನಪು ಹೇಳು, ಅವಳಿಗೆ ಖಾರದ ಪುಡಿ ಬೇರೆ ಕಳಿಸುತ್ತೇನೆ. ನೀನು ಮಲಗುವಾಗ, ಏಳುವಾಗ, ಲ್ಯಾಬಿಗೆ ಹೋಗಿಬರುವ ದಾರಿಯಲ್ಲಿ ದೇವರ ಕಣ್ಣು ನಿನ್ನ ಮೇಲಿರಲಿ. ಜನರು ಕೈಬಿಟ್ಟಲ್ಲೆಲ್ಲ ಅವನು ಕೈ ಹಿಡಿಯಲಿ.

ನಿನ್ನ ಅವ್ವ,
ದಯಾವತಿ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಸಗುಣಾ ಈಗ ಬಂದಳು. ನಿನ್ನೆಯ ಡಬ್ಬಿಯನ್ನು ತೊಳೆದು, ಒರೆಸಿ, ಬರಿದಾಗಿಯೇ ಅವಳ ಕೈಗೆ ಕೊಟ್ಟೆ. ಹಗುರವಾದದ್ದು ತಿಳಿದು ನನ್ನ ಮುಖ ನೋಡಿದಳು. 'ಅವತ್ತ ನಾ ನಿನ್ನ ಹಂತ್ಯಾಕ ಬರಲಿಲ್ಲ, ಹೊರಗ ಹೊಂಟಿದ್ದೆ' ಎಂದುಬಿಟ್ಟೆ. ಅವಳು ಏನೆಂದಳು ಗೊತ್ತೇ? 'ಗೊತ್ತೈತಿ. ಬ್ಯಾಗ್ ನೋಡಿದ್ನಿ. ಅದಕ್ಕ ಎದ್ದ ನಿಂತ್ನಿ. ನಿನ್ನನ್ನ ಹಿಡೀಲಿಲ್ಲಂದ್ರ ನನ್ನ ಕೂಡ ಯಾರೂ ಕೂಡತಿದ್ದಿಲ್ಲ' ಎಂದಳು. ಅವಳಿಗೆ ಮೊದಲಿನಿಂದ ಗೊತ್ತಿತ್ತು, ಪ್ರಾಜೂ! ಭಾನುವಾರ ನಾನು ಸಾಂಗ್ಲಿಗೆ ಹೋಗುವುದಿಲ್ಲ, ಪಪ್ಪಾನಿಗೂ ಪಾಳಕರಿಗೂ ಸಂಜೆಯೇ ಹೇಳುತ್ತೇನೆ. ಅವಳಿಗೂ ಹೇಳಿದೆ, ನಿನಗೆ ಬರೆದದ್ದನ್ನೂ ಹೇಳಿದೆ. 'ಪತ್ರ ಹಾಕಬ್ಯಾಡ ನಮ್ಮವ್ವಾ, ಆ ಹುಡಿಗಿಗಿ ಇದೊಂದರ ಗೊತ್ತಾಗೂದು ಬ್ಯಾಡ' ಎಂದು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಾಳೆ, ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಾಳೆ. ಈ ಚಾಳಿನ ಮನೆಗೆ ಬಾಗಿಲು ಒಂದೇ, ನಿನಗೆ ಗೊತ್ತಲ್ಲ. ನನಗೆ ಅವಳ ಬೆನ್ನು ತಟ್ಟಬೇಕೆನ್ನಿಸುತ್ತಿದೆ. ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೇನೆ. ಈ ಪತ್ರ ನಿನ್ನ ಕೈ ಸೇರಿತೆಂದರೆ ನಾನು ಅವಳನ್ನು ದಾಟಿ ಬಂದೆನೆಂದು ತಿಳಿ.