ಬಿಚ್ಚಬಾರದ ಯಂತ್ರಗಳು, ಸಮಾನರ ಗೆಳೆತನ

ವಿದೇಶಿ ಸಹಕಾರ ಇಲಾಖೆಯ ಮಾನ್ಯ ಕಾರ್ಯದರ್ಶಿಗಳೇ,

ಮಿತ್ರರಾಷ್ಟ್ರ ಕೊಟ್ಟ ಆರೂ ಡಯಾಲಿಸಿಸ್ ಯಂತ್ರಗಳು ನಮ್ಮ ಆಸ್ಪತ್ರೆಯಲ್ಲಿ ಕೆಟ್ಟು ಕೂತಿವೆ. ಅವುಗಳಲ್ಲೊಂದನ್ನು ಅನುಮತಿಯಿಲ್ಲದೆ ಬಿಚ್ಚಿದ್ದಕ್ಕೆ ನೀವು ನನಗೆ ನೋಟಿಸ್ ಕಳಿಸಿದ್ದೀರಿ. ಹದಿನೈದು ದಿನದೊಳಗೆ ಉತ್ತರ ಬೇಕಂತೆ. ಯಂತ್ರ ರಿಪೇರಿ ಮಾಡಿಸಿ ಎಂದು ಬರೆದ ನಮ್ಮ ಪತ್ರಗಳಿಗೆ ನಿಮ್ಮಿಂದ ಹದಿನಾಲ್ಕು ತಿಂಗಳಾದರೂ ಉತ್ತರವಿಲ್ಲ. ಇರಲಿ, ದೊಡ್ಡವರಿಗೆ ಕೆಲಸ ಹೆಚ್ಚು. ಹೌದು, ಬಿಚ್ಚಿದ್ದು ನಾನೇ. ಯಾಕೆಂಬುದನ್ನು ಎಲ್ಲರೂ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷದಿಂದ ನಾನು ಈ ಆಸ್ಪತ್ರೆಯ ಯಂತ್ರ ದುರಸ್ತಿಗಾರ. ಉದ್ಘಾಟನೆಯ ದಿನ ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ: ‘ಇದು ಶ್ರೀಮಂತರು ಎಸೆದ ಭಿಕ್ಷೆಯಲ್ಲ, ನಮ್ಮಂತೆಯೇ ಕಷ್ಟಪಟ್ಟು ಮೇಲೆದ್ದವರ ಸಹಭಾಗಿತ್ವ.’ ನಾನೂ ಚಪ್ಪಾಳೆ ತಟ್ಟಿದೆ. ಹೊಲಿಗೆ ಕಲಿಸುತ್ತಿದ್ದ ನನ್ನ ಅಕ್ಕ ನನಗಿಂತ ಜೋರಾಗಿ ತಟ್ಟಿದಳು. ಅವಳು ವಾರಕ್ಕೆರಡು ಸಲ, ಹೋಗಿಬರಲು ಒಂಬತ್ತು ತಾಸು ಬಸ್ಸಿನಲ್ಲಿ ಕೂತು, ರಾಜಧಾನಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. ಇನ್ನು ಮನೆಯಿಂದ ಹತ್ತು ನಿಮಿಷದ ನಡಿಗೆ.

ಎಂಟು ತಿಂಗಳು ಯಂತ್ರಗಳು ಚೆನ್ನಾಗಿ ಓಡಿದವು, ಸುಳ್ಳು ಯಾಕೆ ಹೇಳಲಿ? ಅಕ್ಕನ ಮುಖಕ್ಕೆ ಕಳೆ ಬಂತು. ಮಲಗಿದಲ್ಲಿಂದಲೇ ನರ್ಸುಗಳ ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದಳು. ಆಮೇಲೆ ಒಂದೊಂದೇ ಯಂತ್ರ ನಿಂತಿತು. ಕೆಟ್ಟದ್ದೇನು? ಉಂಗುರದಷ್ಟಿರುವ ರಬ್ಬರ್ ವಾಷರ್. ಆದರೆ ಒಪ್ಪಂದದ ಪ್ರಕಾರ ಬಿಚ್ಚುವ ಹಕ್ಕು ಅವರ ಕಂಪನಿಗೆ ಮಾತ್ರ. ಬಿಚ್ಚಿದ ಮೇಲೆ ಮತ್ತೆ ಓಡಿಸಲು ಅವರದೊಂದು ಗುಪ್ತ ಸಂಖ್ಯೆ ಬೇಕು.

ಯಂತ್ರ ಜೋಡಿಸಲು ಬಂದಿದ್ದ ಅವರ ಇಂಜಿನಿಯರಿಗೆ ಫೋನ್ ಮಾಡಿದೆ. ಮೂರು ತಿಂಗಳು ನಮ್ಮ ಮನೆಯಲ್ಲಿ ಉಂಡು, ನಮ್ಮ ಮಾತು ಕಲಿತು ಹೋದವನು.

‘ಆ ನಂಬರ್ ಒಂದು ಕೊಡಪ್ಪಾ. ಬಾಕಿ ನಾನು ನೋಡ್ಕೋತೀನಿ.’

‘ಕೊಟ್ರೆ ನನ್ನ ಕೆಲಸ ಹೋಗುತ್ತೆ ಅಣ್ಣಾ.’ ಆಮೇಲೆ ಹೇಳಿದ: ‘ನಮ್ಮಪ್ಪನೂ ನಿಮ್ಮ ಥರಾನೇ ರಿಪೇರಿಯವರು. ಆಗ ದೊಡ್ಡ ದೇಶದವರು ನಮಗೂ ಹೀಗೇ ಬೀಗ ಹಾಕಿದ ಮಷೀನ್ ಕೊಡ್ತಿದ್ರು. ಅಪ್ಪ ದಿನಾ ಬೈಯೋರು.’

‘ಮತ್ತೆ ನೀವೂ ಅದನ್ನೇ ಕಲಿತ್ರಾ?’



ಅವರೇನೋ ಬೀಗ ಹಾಕುವುದನ್ನು ಕಲಿತರು. ಆ ಒಪ್ಪಂದಕ್ಕೆ ಸಹಿ ಹಾಕಿದ ಕೈ ನಮ್ಮದೇ ಅಲ್ಲವೇ ಸ್ವಾಮಿ? ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳಲು ನಿಮಗೆ ಯಾವ ದಾಕ್ಷಿಣ್ಯ ಅಡ್ಡ ಬಂತು?

ಕೊನೆಯ ಯಂತ್ರ ನಿಂತ ದಿನ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು, ‘ಬಿಚ್ಚೋ, ಏನಾಗುತ್ತೋ ಆಗ್ಲಿ’ ಎಂದಳು. ಬಿಚ್ಚಿ ವಾಷರ್ ಬದಲಿಸಿದೆ. ಯಂತ್ರ ಎರಡು ನಿಮಿಷ ಓಡಿತು. ಅಕ್ಕನಿಗೆ ಜೋಡಿಸುವ ಮೊದಲೇ ಪರದೆಯ ಮೇಲೆ ಏನೋ ಅಕ್ಷರ ಮೂಡಿ, ತನಗೆ ತಾನೇ ಬೀಗ ಹಾಕಿಕೊಂಡಿತು. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ, ರಾಜಧಾನಿ ಇನ್ನೂ ಎರಡು ತಾಸು ದೂರವಿದ್ದಾಗ, ಅಕ್ಕ ನನ್ನ ಹೆಗಲಿಗೆ ಒರಗಿದಲ್ಲೇ ತೀರಿಕೊಂಡಳು. ನಿದ್ದೆ ಬಂದಿದೆ ಅಂದುಕೊಂಡು ನಾನು ಅಲುಗಾಡದೆ ಕೂತಿದ್ದೆ.

ಮುಂದಿನ ತಿಂಗಳು ಎರಡನೆಯ ಹಂತಕ್ಕೆ ಸಹಿಯಂತೆ, ಇನ್ನೂ ಹನ್ನೆರಡು ಯಂತ್ರಗಳಂತೆ. ಬಿಚ್ಚುವ, ಕಲಿಯುವ, ದುರಸ್ತಿ ಮಾಡುವ ಹಕ್ಕು ನಮ್ಮವರಿಗೂ ಇರಬೇಕೆಂದು ಒಂದು ಸಾಲು ಬರೆಸಿ. ಅವರು ಒಪ್ಪದಿದ್ದರೆ ಯಂತ್ರ ಬೇಡವೆನ್ನಿ. ನೀವು ಎರಡನ್ನೂ ಮಾಡುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನೆ ಒಬ್ಬ ರೋಗಿಗೆ, ಹೊಸ ಯಂತ್ರಗಳು ಬರುತ್ತವಂತೆ ಎಂದೆ. ‘ಅಲ್ಲೀವರೆಗೆ ನಾನಿರ್ತೀನಾ?’ ಎಂದರು. ನಾನು ಮಾತು ಬದಲಿಸಿದೆ.

ಇಂತಿ,
ದುರಸ್ತಿ ಮಾಡಲು ಅನುಮತಿಯಿಲ್ಲದ ದುರಸ್ತಿಗಾರ